ಲಿಂಗಸುಗೂರಿನ ದೊಡ್ಡ ಸೆಟ್ಟು

ಚಾಲೂ ಮಾಡಿದ ಮೇಲೆ ಕಾಯುವುದು ನನ್ನ ಅಭ್ಯಾಸ. ಟಿವಿ ಇರಲಿ, ಟೇಪ್ ರೆಕಾರ್ಡರ್ ಇರಲಿ, ಶಾಲೆಯ ಪ್ರಾರ್ಥನೆಯ ಮೈಕೇ ಇರಲಿ, ಗುಂಡಿ ಒತ್ತಿ ಅರ್ಧ ನಿಮಿಷ ಅದರ ಮುಂದೆ ಕೈಕಟ್ಟಿ ನಿಂತುಬಿಡುತ್ತೇನೆ. ಅಷ್ಟರಲ್ಲಿ ವಾರ್ತೆಯ ಮುಖ್ಯಾಂಶಗಳು ಮುಗಿದಿರುತ್ತವೆ. "ನಿಮ್ಮನ್ನ ಬಿಟ್ಟು ಎಲ್ಲಾ ಚಾಲೂ ಆತು" ಎಂದು ಹೆಂಡತಿ ನಗುತ್ತಾಳೆ. ನಾನು ನಿವೃತ್ತನಾದ ದಿನ ಮಸ್ಕಿಯ ನಮ್ಮ ಶಾಲೆಯಲ್ಲಿ ಸಣ್ಣ ಸಮಾರಂಭ ಮಾಡಿದ್ದರು. ಮೈಕು ಕೈಗೆ ಕೊಟ್ಟರು. ಗುಂಡಿ ಒತ್ತಿ ಸುಮ್ಮನೆ ನಿಂತೆ. ಐದು ಸೆಕೆಂಡಾಯಿತು, ಹತ್ತಾಯಿತು. ಮುಂದಿನ ಸಾಲಿನಲ್ಲಿದ್ದ ಹಿಂದಿ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರನ್ನು ನೋಡಿ ಇನ್ನಿಬ್ಬರು ಒರೆಸಿಕೊಂಡರು. ಮಾಸ್ತರಿಗೆ ದುಃಖ ಉಕ್ಕಿ ಮಾತೇ ಹೊರಡುತ್ತಿಲ್ಲ ಎಂದು ಎಲ್ಲರೂ ತಿಳಿದರು. ನಿಜ ಹೇಳಬೇಕೆಂದರೆ, ನಾನು ಮಷಿನ್ ಬಿಸಿಯಾಗಲಿ ಎಂದು ಕಾಯುತ್ತಿದ್ದೆ.

ಈ ಅಭ್ಯಾಸ ನನಗೆ ಅಂಟಿದ್ದು ವಾಲ್ವ್‌ಗಳ ಕಾಲದಲ್ಲಿ. ನೀವು ನನ್ನ ವಯಸ್ಸಿನವರಾಗಿದ್ದರೆ ವಾಲ್ವ್ ಅಂದರೆ ಏನೆಂದು ಹೇಳಬೇಕಾಗಿಲ್ಲ. ಚಿಕ್ಕವರಾಗಿದ್ದರೆ ಹೀಗೆ ತಿಳಿಯಿರಿ: ಹೆಬ್ಬೆರಳಿನಷ್ಟೋ ಅಂಗೈಯಷ್ಟೋ ಉದ್ದದ ಗಾಜಿನ ಬುಡ್ಡಿ, ಒಳಗೆ ತಂತಿ. ವಿದ್ಯುತ್ ಹರಿದ ಮೇಲೆ ಆ ತಂತಿ ನಿಧಾನವಾಗಿ ಕೆಂಡದ ಬಣ್ಣಕ್ಕೆ ತಿರುಗಬೇಕು. ಆಮೇಲೇ ರೇಡಿಯೋ ಮಾತಾಡುವುದು, ಆಮೇಲೇ ಮೈಕು ಕೂಗುವುದು. ಹಟ್ಟಿಯ ಚಿನ್ನದ ಗಣಿಯ ಕಂಪನಿ ಮನೆಗಳ ಸಾಲಿನಲ್ಲಿ ನಾನು ಬೆಳೆದದ್ದು. ಅಪ್ಪ ಗಣಿಯ ಕೆಳಗೆ ಇಳಿಯುತ್ತಿದ್ದ. ಪಾಳಿ ಬದಲಾಗುವ ಸೈರನ್ ಕೂಗಿ, ಅಪ್ಪ ಓಣಿಯ ತುದಿಯಲ್ಲಿ ಕಂಡಾಗ ಅವ್ವ ರೇಡಿಯೋ ಹಚ್ಚುತ್ತಿದ್ದಳು, ಅಪ್ಪ ಮನೆ ಮುಟ್ಟಿ ಕೈಕಾಲು ತೊಳೆಯುವ ಹೊತ್ತಿಗೆ ಅದಕ್ಕೆ ದನಿ ಬರುತ್ತಿತ್ತು. ಅಪ್ಪ ಬಂದದ್ದಕ್ಕೇ ರೇಡಿಯೋ ಮಾತಾಡುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ.

ನಮ್ಮ ಪಕ್ಕದ ಮನೆಯವರು ಕೋಲಾರದ ಗಣಿ ಕಡೆಯಿಂದ ಬಂದವರು. ಅವರ ಹತ್ತಿರ ಒಂದು ಎಲೆಕ್ಟ್ರಿಕ್ ಗಿಟಾರ್ ಇತ್ತು. ರಜೆಯ ದಿನ ಕಟ್ಟೆಯ ಮೇಲೆ ಕುಳಿತು ನುಡಿಸುತ್ತಿದ್ದರು, ನನಗೂ ಬೆರಳಿಡುವುದನ್ನು ಕಲಿಸಿದರು. ಊರಿಗೆ ಮರಳುವಾಗ ಗಿಟಾರನ್ನು ನನಗೇ ಕೊಟ್ಟು ಹೋದರು. "ತಂತಿ ಮೀಟಿದ್ರ ಹೊಟ್ಟಿ ತುಂಬತೈತೇನು?" ಎಂದು ಅಪ್ಪ ಕೇಳಿದ. ತುಂಬುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದ್ದರಿಂದ ಟಿಸಿಎಚ್ ಶಿಕ್ಷಕ ತರಬೇತಿ ಮಾಡಿ ಮಸ್ಕಿಯಲ್ಲಿ ಮಾಸ್ತರನಾದೆ, ಗಿಟಾರನ್ನು ಭಾನುವಾರಗಳಿಗೆ ಇಟ್ಟುಕೊಂಡೆ.

ಎಂಬತ್ತರ ದಶಕದ ನಡುವಿನ ಮಾತು. ಸಿಂಧನೂರಿನ ಸುತ್ತ ಕಾಲುವೆ ನೀರು ಹರಿದು, ಭತ್ತ ಬೆಳೆದು, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಮದುವೆಗಳು ದೊಡ್ಡದಾಗಿದ್ದವು. ಬರೀ ಬ್ಯಾಂಡ್ ಬಾಜಾ ಸಾಲದೆ ಜನ ಆರ್ಕೆಸ್ಟ್ರಾ ಕೇಳತೊಡಗಿದ್ದರು. ಸಿಂಧನೂರಿನ ಬಟ್ಟೆ ವ್ಯಾಪಾರಿಯೊಬ್ಬರ ಮಗ, ನನ್ನದೇ ವಯಸ್ಸಿನ ವೀರೇಶ, ಒಂದು ಆರ್ಕೆಸ್ಟ್ರಾ ಕಟ್ಟಿದ. ಅವನಿಗೆ ಹಾಡುವುದಕ್ಕಿಂತ ಹಾಡುವವರನ್ನು ಕೂಡಿಸುವುದು ಚೆನ್ನಾಗಿ ಬರುತ್ತಿತ್ತು. ಆದರೂ ಪ್ರತಿ ಕಾರ್ಯಕ್ರಮದಲ್ಲಿ ಎರಡು ಹಾಡು ಅವನೇ ಹಾಡುತ್ತಿದ್ದ, ಕೂಡಿಸಿದವನಿಗೆ ಬೇಡ ಅನ್ನುವವರು ಯಾರು? ಗಿಟಾರಿಗೆ ನನ್ನನ್ನು ಕರೆದ.

ತೊಂದರೆ ಒಂದೇ. ನನ್ನ ಗಿಟಾರು ಯಾರಿಗೂ ಕೇಳಿಸುತ್ತಿರಲಿಲ್ಲ. ಬಾಡಿಗೆಯ ಮೈಕ್ ಸೆಟ್ಟಿಗೆ ಹಾಡುವವರ ಜೊತೆಗೆ ನನ್ನ ವೈರನ್ನೂ ಸಿಕ್ಕಿಸುತ್ತಿದ್ದರು. ಡ್ರಮ್ಮಿನ ಸದ್ದಿನಲ್ಲಿ ನನ್ನದು ಎಲ್ಲಿ ಹೋಗುತ್ತಿತ್ತೋ ದೇವರಿಗೇ ಗೊತ್ತು. ಒಂದು ಮದುವೆಯಲ್ಲಿ ವೀರೇಶನ ಸೋದರತ್ತೆ ಮುಂದೆಯೇ ಕುಳಿತು ಎಲ್ಲವನ್ನೂ ಕೇಳಿ, ಆಮೇಲೆ ಅವನನ್ನು ಕರೆದು ಕೇಳಿದಳಂತೆ: "ಎಲ್ಲಾರೂ ಚಲೋ ಮಾಡಿದ್ರಪ್ಪಾ. ಆದ್ರ ಆ ತುದೀಗಿ ನಿಂತಾವ, ಯಾಕ ಒಂದೇ ಸವನ ಹೊಟ್ಟಿ ಕೆರಕೊಳ್ಳಾಕತ್ತಿದ್ದ?"

ಆ ಮಾತು ಕೇಳಿದ ಮುಂದಿನ ಭಾನುವಾರವೇ ನಾನು ಗಿಟಾರು ಹೊತ್ತು ಲಿಂಗಸುಗೂರಿಗೆ ಹೋದೆ.

ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಶರಣಪ್ಪನವರ ರೇಡಿಯೋ ರಿಪೇರಿ ಅಂಗಡಿ ಇತ್ತು. ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ಪೆನ್ಸಿಲು, ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವರು. ರಿಪೇರಿಯ ಜೊತೆಗೆ ತಾವೇ ವಾಲ್ವ್ ಹಾಕಿ ದನಿ ಹಿಗ್ಗಿಸುವ ಆಂಪ್ಲಿಫೈಯರ್‌ಗಳನ್ನು ಮಾಡುತ್ತಿದ್ದರು. ನಮ್ಮ ಕಡೆ ಅದಕ್ಕೆ ಸೆಟ್ಟು ಅನ್ನುತ್ತಿದ್ದರು. ಭಜನೆ ಮಂಡಳಿಯವರಿಗೆ ಸಣ್ಣ ಸೆಟ್ಟು, ಮೈಕಿನವರಿಗೆ ನಡುವಿನದು. ಗಿಟಾರನ್ನು ಅವರು ಅದುವರೆಗೆ ಮುಟ್ಟಿ ನೋಡಿದವರಲ್ಲ. ಮೇಜಿನ ಮೇಲೆ ಇಟ್ಟು, ಮರಕ್ಕೆ ಕಿವಿ ಹಚ್ಚಿ, "ಬಾರಸ್ರಿ" ಅಂದರು. ಬಾರಿಸಿದೆ. ಬಹಳ ಹೊತ್ತು ಹಾಗೆಯೇ ಕೇಳಿದರು.

"ಮೈಕ್ ಸೆಟ್ಟಿನಾಗ ಇದನ್ನ ಹಾಕಿದ್ರ ಆಗಂಗಿಲ್ರಿ ಮಾಸ್ತರ. ಅದು ಮಾತಿಗಿ ಮಾಡಿದ್ದು. ಇದು ಮಾತೂ ಅಲ್ಲ, ಹಾಡೂ ಅಲ್ಲ. ಇದಕ್ಕ ಬ್ಯಾರೇನ ಕಟ್ಟಬೇಕು, ದೊಡ್ಡದು."

"ಎಷ್ಟು ದಿನ ಆಗತೈತ್ರಿ?"

"ನನ್ನ ಕೇಳಬ್ಯಾಡ್ರಿ. ಒಳಗ ಕೇಳಬೇಕು."

ಒಳಗೆ ಎಂದರೆ ಅಂಗಡಿಯ ಹಿಂದಿನ ಮನೆ. ಅಲ್ಲಿ ಅವರ ಹೆಂಡತಿ ನೀಲಮ್ಮ ಟ್ರಾನ್ಸ್‌ಫಾರ್ಮರ್ ಸುತ್ತುತ್ತಿದ್ದರು. ಇದು ಊರಿನಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಸೆಟ್ಟಿನ ಒಳಗೆ ಕಬ್ಬಿಣದ ಗಟ್ಟಿಯಂಥದೊಂದು ಇರುತ್ತದಲ್ಲ, ಅದರ ಹೊಟ್ಟೆಯಲ್ಲಿ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಒಂದು ಪದರ ತಂತಿ, ಮೇಲೆ ಒಂದು ಪದರ ಕಾಗದ, ಮತ್ತೆ ತಂತಿ. ನೀಲಮ್ಮನವರು ಹಳೆಯ ಹೊಲಿಗೆ ಯಂತ್ರದ ಹಿಡಿಕೆಯೊಂದನ್ನು ಮಣೆಗೆ ಬಿಗಿದು, ಎಡಗೈ ಬೆರಳಲ್ಲಿ ತಂತಿ ಬಿಡುತ್ತ ಬಲಗೈಯಲ್ಲಿ ತಿರುವುತ್ತಿದ್ದರು. ನೂರು ಸುತ್ತಿಗೆ ಒಂದು ಹುಣಸೆ ಬೀಜ ತಟ್ಟೆಗೆ ಹಾಕುವುದು ಅವರ ಲೆಕ್ಕ.

ಇದೊಂದೂ ತಿಳಿಯದ ನಾನು ಬಾಗಿಲಲ್ಲಿ ನಿಂತು "ನಮಸ್ಕಾರ್ರೀ ಅಕ್ಕಾರ" ಅಂದೆ. ಉತ್ತರ ಇಲ್ಲ. ಮತ್ತೊಮ್ಮೆ ಅಂದೆ. ತಲೆ ಎತ್ತಲಿಲ್ಲ, ಒಂದು ಬೆರಳು ಮಾತ್ರ ಎತ್ತಿದರು. ಸರಕಾರಿ ಮಾಸ್ತರನಾಗಿದ್ದ ನನಗೆ ಆ ಬೆರಳು ಬಹಳ ಚುಚ್ಚಿತು. ನಾನು ಶಾಲೆಯಲ್ಲಿ ಹುಡುಗರಿಗೆ ತೋರಿಸುತ್ತಿದ್ದುದೂ ಅದೇ ಬೆರಳು. ಬೀಜ ತಟ್ಟೆಗೆ ಬಿದ್ದ ಮೇಲೆ ತಲೆ ಎತ್ತಿ, "ಈಗ ಹೇಳ್ರಿ. ಎಣಸೂ ಮುಂದ ಮಾತಾಡಿಸಿದ್ರ ಎಲ್ಲಾ ಬಿಚ್ಚಿ ಮೊದಲಿಂದ ಸುತ್ತಬೇಕಾಗತೈತಿ" ಅಂದರು. ನಾನು ಬಂದ ಕೆಲಸ ಹೇಳಿದೆ. ದೀಪಾವಳಿಗೆ ಆಗುತ್ತದೆ ಎಂದರು. ದೀಪಾವಳಿಗೆ ಆಯಿತು.

ಆ ದೊಡ್ಡ ಸೆಟ್ಟನ್ನು ನೀವು ನೋಡಬೇಕಿತ್ತು. ಬೇವಿನ ಹಲಗೆಯ ಪೆಟ್ಟಿಗೆ, ಒಳಗೆ ಎರಡು ದೊಡ್ಡ ಸ್ಪೀಕರು, ಮೇಲ್ಗಡೆ ಏಳು ವಾಲ್ವ್. ಸ್ಪೀಕರಿನ ಮುಂದೆ ಬಟ್ಟೆ ಬೇಕಾಗಿತ್ತು. ನೀಲಮ್ಮನವರು ತಮ್ಮ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ಕೊಟ್ಟರು. ಕೆಂಪು ಅಂಚಿನ ಆ ಪೆಟ್ಟಿಗೆಯನ್ನು ವೇದಿಕೆಯ ಮೇಲೆ ಇಟ್ಟರೆ ಸೀರೆ ಉಟ್ಟ ಮುತ್ತೈದೆ ಕುಳಿತ ಹಾಗೆ ಕಾಣುತ್ತಿತ್ತು. ಎತ್ತಲು ನಾಲ್ಕು ಜನ ಬೇಕು. ಬಸ್ಸಿನ ಮೇಲೆ ಹೇರುವಾಗ ವಾಲ್ವ್‌ಗಳನ್ನು ಬಿಚ್ಚಿ, ಹತ್ತಿ ಸುತ್ತಿ, ಟವೆಲ್ಲಿನಲ್ಲಿ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಒಮ್ಮೆ ಪಕ್ಕದಲ್ಲಿ ಕುಳಿತ ಅಜ್ಜಿ ಬಹಳ ಹೊತ್ತು ನೋಡಿ, "ಎಷ್ಟ ದಿನದ ಕೂಸು?" ಎಂದು ಕೇಳಿದಳು.

ಮೊದಲ ದಿನ ಅಂಗಡಿಯಲ್ಲಿ ಅದನ್ನು ಹಚ್ಚಿದಾಗ ನನಗೂ ಶರಣಪ್ಪನವರಿಗೂ ಜಗಳವೇ ಆಯಿತು. ಮೆಲ್ಲಗೆ ಮೀಟಿದರೆ ದನಿ ತಿಳಿಯಾಗಿತ್ತು. ಜೋರಾಗಿ ಮೀಟಿದರೆ ಅಂಚು ಒಡೆದು, ಹಾಡುವವನ ಗಂಟಲು ಬಿಗಿದ ಹಾಗೆ, ಬಿಸಿಯಾಗಿ ಒರಟಾಗಿ ಬರುತ್ತಿತ್ತು. ನನ್ನ ಮೈ ಜುಮ್ಮೆಂದಿತು. ಶರಣಪ್ಪನವರ ಮುಖ ಕಪ್ಪಿಟ್ಟಿತು.

"ಆವಾಜ್ ಒಡೀತೈತಿ. ಬಿಚ್ಚತೀನಿ, ಸರಿ ಮಾಡತೀನಿ."

"ಬ್ಯಾಡ್ರಿ! ಹಿಂಗ ಇರಲಿ. ಇದ ಚಲೋ ಐತಿ."

"ಏನ್ ಚಲೋ ಐತ್ರಿ? ಖರಾಬ್ ಆವಾಜ್ ಇದು. ಮಂದಿ ನನಗ ನಗತಾರ."

"ನಗಲಿ ಬಿಡ್ರಿ. ಗಿಟಾರಿಗಿ ಇದ ಬೇಕು."

"ಖರಾಬ್ ಆವಾಜ್ ಬೇಕಂತ ಕೇಳಿದಾವ್ರು ಈ ಜಿಲ್ಲಾದಾಗ ನೀವೊಬ್ರ" ಎಂದು ಶರಣಪ್ಪ ಕೈ ಒರೆಸಿಕೊಂಡರು. ಕೊನೆಗೂ ಬಿಚ್ಚಲಿಲ್ಲ. ಆದರೆ ಮುಂದೆ ಎಷ್ಟೋ ದಿನ ಯಾರಾದರೂ ಆ ಸೆಟ್ಟನ್ನು ಹೊಗಳಿದರೆ, "ಅದರಾಗ ಒಂದು ದೋಷ ಐತ್ರಿ, ಮಾಸ್ತರು ತಗೀಗೊಡಲಿಲ್ಲ" ಎಂದು ತಾವೇ ಮುಂದಾಗಿ ಹೇಳಿಬಿಡುತ್ತಿದ್ದರು. ಅಂಥ ಮನುಷ್ಯ.

ಆ ಸೆಟ್ಟು ಬಂದ ಮೇಲೆ ವೀರೇಶನ ಆರ್ಕೆಸ್ಟ್ರಾಕ್ಕೆ ಹೆಸರು ಬಂತು. ಮುಕ್ಕುಂದದಲ್ಲಿ ಒಂದು ಮದುವೆಗೆ ನುಡಿಸಿದಾಗ ಹೊಳೆಯಾಚೆಗೂ ಕೇಳಿಸಿತು ಅಂದರು. ಕ್ಯಾಂಪಿನವರು ತೆಲುಗು ಹಾಡು ಬರೆದ ಚೀಟಿ ಕಳಿಸಿ, ಕೆಳಗೆ "ಗಿಟಾರ್ ಗಟ್ಟಿಗಾ", ಅಂದರೆ ಜೋರಾಗಿ ಎಂದು ಸೇರಿಸುತ್ತಿದ್ದರು. ಸೋದರತ್ತೆಯೂ ಒಪ್ಪಿದಳು. ರಾಯಚೂರು ಕಡೆಯ ಇನ್ನೆರಡು ಆರ್ಕೆಸ್ಟ್ರಾದವರು ಶರಣಪ್ಪನವರ ಅಂಗಡಿ ಹುಡುಕಿಕೊಂಡು ಬಂದು ದೊಡ್ಡ ಸೆಟ್ಟನ್ನೇ ಮಾಡಿಸಿಕೊಂಡು ಹೋದರು. ನಾಲ್ಕೈದು ವರ್ಷ ಅವರ ಓಣಿಯಲ್ಲಿ ಬೇವಿನ ಹಲಗೆಯ ವಾಸನೆ, ಬೆಸುಗೆಯ ಹೊಗೆ, ತಟ್ಟೆಗೆ ಬೀಜ ಬೀಳುವ ಸದ್ದು.

ಆಮೇಲೆ ತೊಂಬತ್ತರ ದಶಕ ಬಂತು. ಒಂದೇ ದಿನದಲ್ಲಿ ಏನೂ ಬದಲಾಗಲಿಲ್ಲ. ಮೊದಲು ಭಜನೆಯವರು ಟ್ರಾನ್ಸಿಸ್ಟರಿನ ಸಣ್ಣ ಸೆಟ್ಟು ತಂದರು, ಒಂದು ಕೈಯಲ್ಲಿ ಹಿಡಿದು ಗುಡ್ಡ ಹತ್ತಬಹುದಿತ್ತು. ಆಮೇಲೆ ಮೈಕಿನವರು ತಂದರು. ಶರಣಪ್ಪನವರ ಸಣ್ಣದೂ ನಡುವಿನದೂ ನಿಂತುಹೋಗಿ, ದೊಡ್ಡ ಸೆಟ್ಟು ಮಾತ್ರ ಉಳಿಯಿತು. ವಾಲ್ವ್‌ಗಳೇ ಪೇಟೆಯಲ್ಲಿ ಸಿಗದಂತಾದವು. ಒಂದು ದಿನ ವೀರೇಶ ನನ್ನ ಜೊತೆ ಅಂಗಡಿಗೆ ಬಂದಾಗ ಇದೇ ಮಾತು ನಡೆಯಿತು.

"ಶರಣಪ್ಪಾರ, ಮುಂದ ಈ ವಾಲ್ವ್ ನಡೀತೈತೇನ್ರಿ?" ಎಂದು ವೀರೇಶ ಕೇಳಿದ.

"ಯಾಕ ನಡಿಯಂಗಿಲ್ಲ? ಸಣ್ಣ ಸೆಟ್ಟು ಹೋತು, ಹೋಗಲಿ. ಅದು ಕೂಗಾಕ ಇತ್ತು. ಕೂಗಾಕ ಯಾವುದಾದ್ರೂ ಆದೀತು. ಬಾರಸಾವ್ರಿಗಿ ಮಾತ್ರ ಇದ ಬೇಕು. ಹೌದಿಲ್ರಿ ಮಾಸ್ತರ?"

ನಾನು ಹೌದು ಅಂದೆ. ಮನಸ್ಸಿನಿಂದಲೇ ಅಂದೆ. ವೀರೇಶನಿಗೂ ಆ ಹೊತ್ತಿಗೆ ಉಮೇದಿ ಇತ್ತು. ಮಾನ್ವಿ ಕಡೆಗೆ ಎರಡನೆಯ ತಂಡ ಕಟ್ಟಬೇಕು ಅಂದುಕೊಂಡಿದ್ದ. "ಹಂಗಾದ್ರ ನನಗ ಇನ್ನಾ ನಾಕು ದೊಡ್ಡವು ಮಾಡ್ರಿ" ಎಂದುಬಿಟ್ಟ. ಶರಣಪ್ಪನವರು ಮರುದಿನವೇ ಹೈದರಾಬಾದಿನ ಬಸ್ಸು ಹತ್ತಿದರು. ಹಳೆಯ ಸಾಮಾನಿನ ಪೇಟೆಯಲ್ಲಿ ನಾಲ್ಕು ದಿನ ಅಲೆದು, ಸಿಕ್ಕಷ್ಟು ವಾಲ್ವ್‌ಗಳನ್ನು ಒಂದು ಕಬ್ಬಿಣದ ಟ್ರಂಕಿನಲ್ಲಿ ತುಂಬಿಕೊಂಡು ಬಂದರು. ದಾರಿಯುದ್ದಕ್ಕೂ ಟ್ರಂಕಿನ ಮೇಲೆ ಯಾರೂ ಕೂರದಂತೆ ತಾವೇ ಅದರ ಪಕ್ಕದಲ್ಲಿ ನಿಂತುಕೊಂಡು ಬಂದರಂತೆ.

ತಿಂಗಳಾದ ಮೇಲೆ ವೀರೇಶನೂ ಹೈದರಾಬಾದಿಗೆ ಹೋದ, ಅಂಗಡಿಯ ಬಟ್ಟೆ ಖರೀದಿಗೆ. ಬರುವಾಗ ಒಂದು ಕೀಬೋರ್ಡು, ಒಂದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತಂದ. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಡ್ರಮ್ಮು, ಇನ್ನೊಂದು ಒತ್ತಿದರೆ ಕೊಳಲು, ಮೂರನೆಯದು ಒತ್ತಿದರೆ ಗಿಟಾರು. ಮೂರನೆಯ ಗುಂಡಿಯನ್ನು ಒತ್ತಿ ಅವನು ನನ್ನ ಮುಖ ನೋಡಲಿಲ್ಲ. ಆಂಪ್ಲಿಫೈಯರನ್ನು ಒಬ್ಬನೇ ಎತ್ತಿ ಜೀಪಿಗೆ ಇಟ್ಟು ತೋರಿಸಿದ.

"ನೋಡು, ಒಬ್ಬಾವ ಎತ್ತತಾನ. ಕಾಯೂದಿಲ್ಲ, ಒಡೆಯೂದಿಲ್ಲ. ನಾಕು ದೊಡ್ಡ ಸೆಟ್ಟು ತಗೊಂಡು ನಾ ಏನ್ ಮಾಡ್ಲಿ? ಶರಣಪ್ಪಾರಿಗಿ ಬ್ಯಾಡಂತ ಹೇಳಿಬಿಡು."

"ನೀನ ಹೇಳು. ಮಾತು ಕೊಟ್ಟಾವ ನೀನು."

"ನನಗ ಬಾಯಿ ಬರಂಗಿಲ್ಲೋ. ನೀ ಅವರಿಗಿ ಬೇಕಾದಾವ. ಮ್ಯಾಲ ನಡುವಿನ ಊರಾಗ ಅದಿ, ಹೋಗಿ ಬರೂದು ಸಸಾರ."

ಮಸ್ಕಿ ಎರಡೂ ಊರುಗಳ ನಡುವೆ ಇರುವುದು ನನ್ನ ತಪ್ಪೇನಲ್ಲ. ಆದರೆ ಆ ಕೆಲಸ ಒಪ್ಪಿಕೊಂಡದ್ದು ನನ್ನ ತಪ್ಪು. ಒಪ್ಪಿಕೊಂಡು ಮಾಡದೇ ಇದ್ದದ್ದು ಅದಕ್ಕಿಂತ ದೊಡ್ಡದು.

ಮೊದಲ ಭಾನುವಾರ ಹೇಳಬೇಕೆಂದೇ ಹೋದೆ. ಶರಣಪ್ಪನವರು ಟ್ರಂಕು ತೆರೆದು, ಒಂದೊಂದೇ ವಾಲ್ವ್ ಬೆಳಕಿಗೆ ಹಿಡಿದು ತೋರಿಸಿದರು. ಮೊದಲ ಸಲ ಸ್ಲೇಟು ಹಿಡಿದ ಮಕ್ಕಳ ಮುಖ ಹಾಗೆ ಇರುತ್ತದೆ. ಹೇಳಲು ಆಗಲಿಲ್ಲ. ಚಹಾ ಕುಡಿದು ಬಂದೆ. ಎರಡನೆಯ ಸಲ ಅವರು ಇರಲಿಲ್ಲ. ನೀಲಮ್ಮನವರು ಸುತ್ತುತ್ತ ಕುಳಿತಿದ್ದರು, ಹೆಬ್ಬೆರಳಿಗೆ ತಂತಿ ಕೊಯ್ದು ಬಟ್ಟೆ ಕಟ್ಟಿಕೊಂಡಿದ್ದರು. ಇವರಿಗೆ ಹೇಗೆ ಹೇಳುವುದು, ಶರಣಪ್ಪ ಬರಲಿ ಎಂದುಕೊಂಡೆ. ಕಾಯದೇ ಎದ್ದು ಬಂದೆ. ಮೂರನೆಯ ಸಲ ಹೋದಾಗ ನೀಲಮ್ಮನವರ ಮೂಗಿನ ಮೇಲೆ ಹೊಸ ಚಾಳೀಸು ಬಂದಿತ್ತು. "ಮೂರನೇ ಸೆಟ್ಟಿಂದು ಮುಗೀತ್ರಿ ಮಾಸ್ತರ" ಎಂದು ಅವರೇ ಅಂದರು. ಹೆಚ್ಚು ಮಾತಾಡದ ಹೆಣ್ಣುಮಗಳು, ಅಂದು ತಾವೇ ಮುಂದಾಗಿ ಹೇಳಿದ್ದರು. "ಚಲೋ ಆತ್ರಿ" ಅಂದೆ ನಾನು. ಹಾಗೆ ಅಂದದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಪಾಠ ಹೇಳುವವನಿಗೆ ನೆಪಗಳ ಕೊರತೆ ಇರುವುದಿಲ್ಲ. ವೀರೇಶನ ಮನಸ್ಸು ಬದಲಾಗಬಹುದು, ಬೇರೆ ಊರಿನವರು ಕೊಳ್ಳಬಹುದು, ಪರೀಕ್ಷೆ ಮುಗಿಯಲಿ, ಯುಗಾದಿ ಕಳೆಯಲಿ. ಹೀಗೆ ದಿನ ತಳ್ಳುತ್ತ, ಇತ್ತ ಸಿಂಧನೂರಿನಲ್ಲಿ ಹೊಸ ಆಂಪ್ಲಿಫೈಯರಿಗೇ ಗಿಟಾರು ಸಿಕ್ಕಿಸಿ ನುಡಿಸುತ್ತಿದ್ದೆ. ಕೀಬೋರ್ಡಿನ ಹುಡುಗ ಪಳಗುವ ತನಕ ನನಗಿನ್ನೂ ಜಾಗವಿತ್ತು.

ಗುರುಗುಂಟಾದ ಮದುವೆಯಲ್ಲಿ ಎಲ್ಲ ಬಯಲಾಯಿತು. ಮಧ್ಯಾಹ್ನದ ಹೊತ್ತು, ಅಕ್ಷತೆ ಬಿದ್ದು ಊಟ ನಡೆದಿತ್ತು. ಮೂರನೆಯ ಹಾಡಿನ ನಡುವೆ ಕಣ್ಣೆತ್ತಿದರೆ ಎದುರಿಗೇ ಶರಣಪ್ಪ, ಇಸ್ತ್ರಿ ಅಂಗಿ, ಹೆಗಲ ಮೇಲೆ ಜರದ ಟವೆಲ್ಲು. ಹುಡುಗಿಯ ಕಡೆಯ ನೆಂಟರು ಅವರು. ನನಗೆ ಅದು ತಿಳಿದಿರಲಿಲ್ಲ. ಅವರ ಕಣ್ಣು ನನ್ನ ಬೆರಳಿನ ಮೇಲೆ ಇರಲಿಲ್ಲ. ನನ್ನ ಗಿಟಾರಿನಿಂದ ಹೊರಟ ವೈರಿನ ಹಿಂದೆ ನಿಧಾನವಾಗಿ ಹೋಗಿ, ಕಪ್ಪು ರೆಕ್ಸಿನ್ನಿನ ಆ ಸಣ್ಣ ಪೆಟ್ಟಿಗೆಯ ಮೇಲೆ ನಿಂತಿತು. ನಾನು ಸ್ವರ ತಪ್ಪಿದೆ. ಯಾರೂ ಗಮನಿಸಲಿಲ್ಲ, ಕೀಬೋರ್ಡಿನ ಹುಡುಗ ಮೂರನೆಯ ಗುಂಡಿ ಒತ್ತಿ ಸಂಭಾಳಿಸಿದ.

ಕಾರ್ಯಕ್ರಮ ಮುಗಿಯುವ ತನಕ ಶರಣಪ್ಪ ಕುಳಿತರು. ಆಮೇಲೆ ವೇದಿಕೆಯ ಹತ್ತಿರ ಬಂದು, ಬಾಗಿ ಪೆಟ್ಟಿಗೆಯನ್ನು ಮುಟ್ಟಿ ನೋಡಿದರು. ಬೈಯುತ್ತಾರೆ ಎಂದು ಕಾದೆ.

"ಆವಾಜ್ ಸ್ವಚ್ಛ ಐತ್ರಿ" ಅಂದರು. ಹೆಗಲ ಟವೆಲ್ಲು ಸರಿಮಾಡಿಕೊಂಡು, "ಊಟ ಮಾಡಿದ್ರೇನು?" ಎಂದು ಕೇಳಿದರು. ನಾನು ಇಲ್ಲ ಅಂದೆ. "ಮಾಡ್ರಿ, ಹುಗ್ಗಿ ಚಲೋ ಆಗೈತಿ" ಎಂದು ಹೇಳಿ ಬಸ್ಸಿನ ಕಡೆ ನಡೆದರು.

ಮರುದಿನ ಶಾಲೆಗೆ ರಜೆ ಹಾಕಿ ಲಿಂಗಸುಗೂರಿಗೆ ಹೋದೆ. ಶರಣಪ್ಪನವರು ಅಂಗಡಿಯಲ್ಲಿ ಯಾರದೋ ರೇಡಿಯೋ ಬಿಚ್ಚಿಕೊಂಡು ಕುಳಿತಿದ್ದರು. "ಒಳಗ ಹೋಗ್ರಿ" ಅಂದರು ಅಷ್ಟೇ. ಒಳಗೆ ನೀಲಮ್ಮನವರು ಮಣೆಯ ಮುಂದೆ ಕುಳಿತಿದ್ದರು, ಕೈ ನಿಂತಿತ್ತು. ನಾಲ್ಕನೆಯದು ಅರ್ಧಕ್ಕೆ ಬಂದಿತ್ತು.

"ಯಾವಾಗಿಂದ ಗೊತ್ತಿತ್ರಿ ನಿಮಗ?" ಎಂದು ಕೇಳಿದರು.

"ಎರಡ ತಿಂಗಳಾತ್ರಿ."

"ಎರಡ ತಿಂಗಳು." ಅವರು ಚಾಳೀಸು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಅವರಿಗಿ ಹೇಳಾಕ ನಿಮಗ ಧೈರ್ಯ ಆಗಲಿಲ್ಲ, ಅದು ತಿಳೀತೈತಿ. ಅವರ ಮಾರಿ ನೋಡಿದ್ರ ಯಾರಿಗೂ ಆಗಂಗಿಲ್ಲ. ಆದ್ರ ನನಗ ಹೇಳಬೇಕಿತ್ತು. ನೀವು ಬಂದು ಬಂದು ಚಾ ಕುಡದು ಹೋಗಾಕತ್ತಿದ್ರಿ. ನಾ ಇಲ್ಲಿ ಎಣಸ್ಕೊಂತ ಕುಂತಿದ್ದೆ."

ಅವರು ದನಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತೇನೋ. ತಪ್ಪಾಯಿತು ಅಂದೆ. "ಹೌದ್ರಿ" ಎಂದರು. ಮತ್ತೆ ಆರು ತಿಂಗಳು ನಾನು ಆ ಓಣಿಗೆ ಕಾಲಿಡಲಿಲ್ಲ. ಆರ್ಕೆಸ್ಟ್ರಾಕ್ಕೂ ಹೋಗುವುದನ್ನು ಬಿಟ್ಟೆ. ಪಶ್ಚಾತ್ತಾಪದಿಂದ ಬಿಟ್ಟೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಕೀಬೋರ್ಡಿನ ಹುಡುಗ ಅಷ್ಟರಲ್ಲಿ ಪಳಗಿದ್ದ ಎಂಬುದನ್ನೂ ಬರೆಯಬೇಕು.

ಮೊನ್ನೆ ಮೊನ್ನೆ ಎಲ್ಲೋ ಓದಿದೆ. ವಾಲ್ವಿನ ದೊಡ್ಡ ದೊಡ್ಡ ಗಿಟಾರ್ ಸೆಟ್ಟುಗಳಿಗೆ ಇನ್ನು ಮುಂದೆ ಗಿರಾಕಿ ಇರುತ್ತಾರೋ ಇಲ್ಲವೋ ಎಂದು ಪರದೇಶದ ಕಂಪನಿಗಳೇ ಚಿಂತೆಯಲ್ಲಿವೆಯಂತೆ. ಅದೇ ದನಿಯನ್ನು ಅಂಗೈಯಗಲದ ಡಬ್ಬಿಯಲ್ಲಿ ಹಿಡಿದಿಟ್ಟಿದ್ದಾರಂತೆ. ಒಡೆದ ಅಂಚು, ಬಿಗಿದ ಗಂಟಲು ಎಲ್ಲ ಅದರಲ್ಲಿ ಇದೆಯಂತೆ. ಅಂದರೆ ಶರಣಪ್ಪನವರು ತೆಗೆಯಲು ಹೊರಟಿದ್ದ ದೋಷವನ್ನು ಈಗ ಕಷ್ಟಪಟ್ಟು ಹೊಸದಾಗಿ ಮಾಡುತ್ತಿದ್ದಾರೆ. ಓದಿ ನಗು ಬಂತು. ಆಮೇಲೆ ನಗು ನಿಂತಿತು. ಅಲ್ಲಿಯೂ ಯಾರೋ ಒಬ್ಬಳು ತಂತಿ ಸುತ್ತುತ್ತಿರಬಹುದು, ಅವಳಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ಎಂದುಕೊಂಡೆ. ಪೇಟೆ ಬದಲಾಗುವುದನ್ನು ಯಾರೂ ತಡೆಯಲಾರರು. ಬದಲಾಗಿದೆ ಎಂದು ಹೋಗಿ ಹೇಳುವುದಾದರೂ ನಮ್ಮ ಕೈಯಲ್ಲಿರುತ್ತದೆ. ಅದನ್ನೂ ನಾನು ಮಾಡಲಿಲ್ಲ.

ಆ ಆರು ತಿಂಗಳ ಕೊನೆಗೆ ಶರಣಪ್ಪನವರ ಸುದ್ದಿ ತಂದದ್ದು ನಮ್ಮ ಶಾಲೆಯ ಬೋರಿನ ಮೋಟಾರು. ಆ ವರ್ಷ ವೋಲ್ಟೇಜು ಬಹಳ ಏರಿಳಿಯುತ್ತಿತ್ತು, ಹಳ್ಳಿ ಹಳ್ಳಿಗಳಲ್ಲಿ ಪಂಪ್‌ಸೆಟ್ಟು ಸುಡುತ್ತಿದ್ದವು. ನಮ್ಮದೂ ಸುಟ್ಟಿತು. ಜವಾನ ಹನುಮಂತ ಲಿಂಗಸುಗೂರಿಗೆ ಒಯ್ದು, ಎರಡೇ ದಿನದಲ್ಲಿ ವೈಂಡಿಂಗ್ ಮಾಡಿಸಿಕೊಂಡು ಬಂದ. "ಯಾರು ಮಾಡಿದ್ರೋ ಇಷ್ಟ ಜಲ್ದಿ?" ಎಂದು ಕೇಳಿದೆ.

"ಒಬ್ಬಾಕಿ ಹೆಣ್ಮಗಳ್ರೀ ಸರ. ಅಂಗಡ್ಯಾಗ ಮುಂದ ಕುಂತಾಳ. ಮಾತಾಡಿಸಿದ್ರ ಬೆರಳ ತೋರಸ್ತಾಳ."

ಆಮೇಲೆ ತಿಳಿಯಿತು. ಒಂದು ದಿನ ಗುರುಗುಂಟಾ ಕಡೆಯ ರೈತನೊಬ್ಬ ಸುಟ್ಟ ಮೋಟಾರನ್ನು ಶರಣಪ್ಪನವರ ಅಂಗಡಿಯ ಮುಂದೆ ಇಳಿಸಿ, ಹೊಲ ಒಣಗುತ್ತಿದೆ, ಏನಾದರೂ ಮಾಡಿ ಎಂದು ಕುಳಿತುಬಿಟ್ಟನಂತೆ. ಶರಣಪ್ಪನವರು ಇದು ತಮ್ಮ ಕೆಲಸವಲ್ಲ ಅಂದರು. ಒಳಗಿಂದ ನೀಲಮ್ಮನವರು ಬಂದು, ಮೋಟಾರಿನ ಸುಟ್ಟ ಸುತ್ತನ್ನು ಎಣಿಸುತ್ತ ಬಿಚ್ಚಿ, ಅಷ್ಟೇ ಸುತ್ತನ್ನು ಹೊಸ ತಂತಿಯಲ್ಲಿ ಸುತ್ತಿಕೊಟ್ಟರು. ಮೋಟಾರು ತಿರುಗಿತು. ಮರುವಾರ ಐದು ಮೋಟಾರು ಬಂದವು. ಮಣೆ ಅಡುಗೆಮನೆಯ ಮಗ್ಗುಲಿನಿಂದ ಅಂಗಡಿಯ ಮುಂದಕ್ಕೆ ಬಂತು. ಶರಣಪ್ಪನವರು ಮೋಟಾರು ಬಿಚ್ಚುವುದು, ಜೋಡಿಸುವುದು, ಗಿರಾಕಿಗಳಿಗೆ ಚಹಾ ಹೇಳುವುದು.

ಹನುಮಂತನ ಕೈಯಲ್ಲಿ ಶರಣಪ್ಪನವರು ಒಂದು ಮಾತನ್ನೂ ಕಳಿಸಿದ್ದರು. "ಮಾಸ್ತರಿಗಿ ಹೇಳು, ಒಂದಿನ ಮಧ್ಯಾಹ್ನ ಗಿಟಾರ ತಗೊಂಡು ಬರಬೇಕಂತ."

ಹೋದೆ. ಹೋಗುವಾಗ ಬಸ್ಸಿನಲ್ಲಿ ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಒಂದೂ ಬೇಕಾಗಲಿಲ್ಲ. ಅಂಗಡಿಯ ಮೂಲೆಯಲ್ಲಿ, ಬಿಚ್ಚಿದ ಮೋಟಾರುಗಳ ನಡುವೆ, ಒಂದು ದೊಡ್ಡ ಸೆಟ್ಟು ನಿಂತಿತ್ತು. ನಾಲ್ಕರಲ್ಲಿ ಒಂದನ್ನು ಶರಣಪ್ಪನವರು ಪೂರ್ತಿ ಮಾಡಿದ್ದರು.

"ಯಾರಿಗ್ರಿ ಇದು?" ಎಂದು ಕೇಳಿದೆ.

"ಯಾರಿಗೂ ಅಲ್ರಿ." ಅವರು ದನಿ ತಗ್ಗಿಸಿದರು. "ಮೊನ್ನಿ ಆಕಿ ಒಂದ್ ಮಾತು ಅಂದ್ಳು. ಇಷ್ಟ ವರ್ಷ ಸುತ್ತೀನಿ, ಆ ದೊಡ್ಡ ಸೆಟ್ಟು ಹೆಂಗ ಬಾರಸ್ತೈತಿ ಅನ್ನೂದು ಒಮ್ಮೀನೂ ಕೇಳಿಲ್ಲ ಅಂದ್ಳು. ನಾ ವಿಚಾರ ಮಾಡಿದೆ. ಖರೇನ. ಮಾಡಿದ್ದು ಮಾಡಿದಂಗ ಹೊರಗ ಹೋಗಿಬಿಡ್ತಿದ್ವು. ಒಮ್ಮೆ ಇಲ್ಲಿ ಹಚ್ಚಿದಾಗ ನಾವಿಬ್ರೂ ಜಗಳಾಡಿದ್ವಿ, ಆಕಿ ಅವತ್ತು ನೀರಿಗಿ ಹೋಗಿದ್ಳು. ಮದುವಿ ಕಾರ್ಯಕ್ಕ ನಾ ಆಕೀನ್ನ ಎಂದೂ ಕರಕೊಂಡು ಹೋಗಲಿಲ್ಲ."

ನಾನಾದರೂ ಎಂದು ಕೇಳಿದ್ದೆ? ಆ ಕೆಂಪು ಅಂಚಿನ ಬಟ್ಟೆಯ ಮುಂದೆ ಐದು ವರ್ಷ ನಿಂತು ಚಪ್ಪಾಳೆ ಗಿಟ್ಟಿಸಿದವನು ನಾನು.

ನೀಲಮ್ಮನವರು ಕೈಯಲ್ಲಿದ್ದ ಸುತ್ತು ಮುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಸೆಟ್ಟಿನ ಎದುರಿಗೆ ಸ್ಟೂಲಿನ ಮೇಲೆ ಕುಳಿತರು. ಮೋಟಾರು ಒಯ್ಯಲು ಬಂದಿದ್ದ ಇಬ್ಬರು ರೈತರು ಕಟ್ಟೆಯ ಮೇಲೆ ಬೀಡಿ ಆರಿಸಿ ನೋಡುತ್ತ ಕುಳಿತರು. ಶರಣಪ್ಪನವರು ಗುಂಡಿ ತಿರುವಿದರು. ವಾಲ್ವ್‌ಗಳು ನಿಧಾನವಾಗಿ ಕೆಂಪಾದವು. ನಾನು ನುಡಿಸಿದೆ. ಬೆರಳು ಜಡ್ಡುಗಟ್ಟಿದ್ದವು, ಎರಡು ಕಡೆ ತಪ್ಪಿದೆ. ಮೊದಲು ಮೆಲ್ಲಗೆ, ಆಮೇಲೆ ಕೈ ಬಿಟ್ಟು ಜೋರಾಗಿ. ತಗಡಿನ ಮಾಡು ನಡುಗಿತು. ಓಣಿಯ ಎರಡು ಬಾಗಿಲು ತೆರೆದವು.

ನಿಲ್ಲಿಸಿದ ಮೇಲೆ ನೀಲಮ್ಮನವರು ಸ್ಟೂಲನ್ನು ಸೆಟ್ಟಿನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಗಂಡನ ಕಡೆ ತಿರುಗಿದರು.

"ಇದರಾಗ ನಂದು ಯಾವುದು?"

ಶರಣಪ್ಪನವರು ಸೆಟ್ಟಿನ ಹಿಂಬದಿಗೆ ಹೋಗಿ, ಕಬ್ಬಿಣದ ಆ ಗಟ್ಟಿಯ ಮೇಲೆ ಕೈಯಿಟ್ಟರು. "ಮಾಸ್ತರು ಏನ್ ಬಾರಿಸಿದ್ರೂ, ಈ ಬುಡ್ಡಿ ಏನ್ ಮಾಡಿದ್ರೂ, ಎಲ್ಲಾ ಇದರ ಒಳಗ ಬರಬೇಕು. ನೀ ಸುತ್ತಿದ್ದರಾಗ ಒಂದ್ ಸುತ್ತೂ ಬಿಡದಂಗ ಹಾದು ಹೊರಗ ಬರಬೇಕು. ಇದನ್ನ ಬಿಟ್ಟು ಬ್ಯಾರೆ ದಾರಿ ಇಲ್ಲ."

ನೀಲಮ್ಮನವರು ಆ ಕಬ್ಬಿಣವನ್ನು ನೋಡಿದರು, ಸ್ಪೀಕರನ್ನು ನೋಡಿದರು. ಹೊರಗೆ ಯಾರೋ ಇನ್ನೊಂದು ಮೋಟಾರು ತಂದು ಚಕ್ಕಡಿಯಿಂದ ಇಳಿಸುತ್ತಿದ್ದರು. ಶರಣಪ್ಪನವರು ಹೊರಗೆ ಹೊರಟರು. ನೀಲಮ್ಮನವರು ಕೈಸನ್ನೆ ಮಾಡಿ ತಡೆದರು.

"ಹಂಗಾದ್ರ ಇನ್ನೊಮ್ಮೆ ಬಾರಸ್ರಿ ಮಾಸ್ತರ" ಅಂದರು. "ಮೊದಲನೇ ಸಲ ನಿಮ್ಮದು ಕೇಳಿದೆ. ಈಗ ನಂದು ಕೇಳತೀನಿ."